ಮನೆ ಮೇಲಿನ ಬಾಣೆಯಲ್ಲಿ ಕಾರ್ ಶೋರೂಮ್ ಬರುತ್ತದಂತೆ, ತಡೆಯಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಕುಶಾಲನಗರ–ಮಡಿಕೇರಿ ಹೆದ್ದಾರಿ ಬದಿ, ನಿಮ್ಮ ಮನೆಗಿಂತ ಮೇಲಿರುವ ಬಾಣೆ (ಗದ್ದೆಗಿಂತ ಎತ್ತರದ ಗುಡ್ಡದ) ಜಾಗದಲ್ಲಿ ಕಾರ್ ಶೋರೂಮ್ ಮತ್ತು ಸರ್ವಿಸ್ ಸೆಂಟರ್ ಕಟ್ಟಲು ಪಂಚಾಯಿತಿಗೆ ಅರ್ಜಿ ಬಂದಿದೆ. ನಿಮ್ಮ ಬಾವಿ ಅದರ ಕೆಳಗಿದೆ. ಜನರ ಅಹವಾಲು ಕೇಳುವ ಸಭೆ ಯಾವಾಗ, ಅಲ್ಲಿ ಹೋಗಿ ಬೇಡ ಎಂದರೆ ನಿಲ್ಲುತ್ತದಾ ಅಂತ ಕೇಳಿದ್ದೀರಿ. ನಾನು ಸುಂಟಿಕೊಪ್ಪ ಕಡೆಯ ಒಂದು ಪಂಚಾಯಿತಿಯಲ್ಲಿ ಸದಸ್ಯನಾಗಿದ್ದವನು. ಇಂಥದ್ದೇ ಅರ್ಜಿ ನಮ್ಮ ಮುಂದೆಯೂ ಬಂದಿತ್ತು.

ಆ ಸಭೆಗೆ ಕಾಯಬೇಡಿ. ಬರುವುದಿಲ್ಲ. 2006ರ ಪರಿಸರ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್‌ಗಿಂತ ಕಡಿಮೆ ಕಟ್ಟಡಕ್ಕೆ ಪರಿಸರ ಅನುಮತಿಯೇ ಬೇಕಿಲ್ಲ, ಅಂಥ ಸಭೆ ಕರೆಯುವುದು ಆ ಅನುಮತಿಗಾಗಿ. ಊರಿನ ಶೋರೂಮ್ ಅಷ್ಟು ದೊಡ್ಡದಾಗಿ ಇರುವುದಿಲ್ಲ. ಹಾಗಾಗಿ ಶಾಮಿಯಾನ ಹಾಕಿ ಮೈಕ್ ಕೊಟ್ಟು ನಿಮ್ಮನ್ನು ಯಾರೂ ಕರೆಯುವುದಿಲ್ಲ. ನೀವೇ ಹೋಗಿ, ಬರಹದಲ್ಲಿ ಆಕ್ಷೇಪಣೆ ಕೊಟ್ಟು, ಸ್ವೀಕೃತಿ ಹಾಕಿಸಿಕೊಂಡು ಬರಬೇಕು. ಅದೂ ಪಂಚಾಯಿತಿಯಿಂದ ಕಟ್ಟಡದ ಲೈಸೆನ್ಸ್ ಆಗುವ ಮೊದಲು.

ಮೊದಲು ಜಾಗದ ಕಾಗದ ನೋಡಿ. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕನ್ವರ್ಷನ್ (ಕೃಷಿ ಜಾಗವನ್ನು ಬೇರೆ ಬಳಕೆಗೆ ಬದಲಾಯಿಸುವುದು) ಆಗಿದೆಯಾ? ಆಗಿದ್ದರೆ ವಾಣಿಜ್ಯಕ್ಕೋ, ಬರೀ ವಾಸಕ್ಕೋ? ವಾಸಕ್ಕೆ ಮಾಡಿಸಿಕೊಂಡು ಅಂಗಡಿ ಕಟ್ಟುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಜಮ್ಮಾ ಬಾಣೆ (ಕುಟುಂಬಕ್ಕೆ ತಲೆಮಾರಿನಿಂದ ಬಂದ ಜಾಗ) ಆದರೆ ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಕುಟುಂಬದ ಪರವಾಗಿ ಇರುವ ಪಟ್ಟೆದಾರರ ಹೆಸರಿನ ಜೊತೆ ಇನ್ನೂ ಯಾರ್ಯಾರ ಹೆಸರಿದೆ, ಅವರೆಲ್ಲ ಒಪ್ಪಿದ್ದಾರಾ ನೋಡಿ. ಅನ್‌ರಿಡೀಮ್ಡ್ ಜಾಗ (ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿಲ್ಲದ ಜಾಗ) ಆದರೆ ಅಲ್ಲಿನ ಮರ ಸರ್ಕಾರದ್ದು. ಅರಣ್ಯ ಇಲಾಖೆ ಒಪ್ಪದೆ ಕಡಿಯುವ ಹಾಗಿಲ್ಲ. ನಗರಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿಗೆ ಸೇರಿದ ಊರಾದರೆ ಮಾಸ್ಟರ್ ಪ್ಲಾನ್‌ನಲ್ಲಿ ಆ ಜಾಗಕ್ಕೆ ಯಾವ ಬಣ್ಣ ಹಾಕಿದ್ದಾರೆ, ಅಂದರೆ ಯಾವ ಬಳಕೆಗೆ ಇಟ್ಟಿದ್ದಾರೆ ಅನ್ನುವುದೂ ಮುಖ್ಯ. ಕಾಗದದಲ್ಲೇ ತಪ್ಪಿದ್ದರೆ ನಿಜವಾಗಿಯೂ ತಡೆಯಬಹುದು. ಎಲ್ಲ ಸರಿ ಇದ್ದರೆ ಸುಮ್ನೆ "ಬೇಡ" ಅಂದರೆ ಯಾರೂ ಕೇಳುವುದಿಲ್ಲ. ಆಗ ಷರತ್ತು ಹಾಕಿಸುವುದೇ ದಾರಿ.

ಷರತ್ತು ಹಾಕಿಸಲು ನಕ್ಷೆ ಬೇಕು. ನಮ್ಮ ಸಭೆಗೆ ಬಂದ ನಕ್ಷೆಯಲ್ಲಿ ಮುಂಭಾಗದ ಗಾಜು, ಬೋರ್ಡು, ಹೂಕುಂಡ ಎಲ್ಲ ಚಂದ ಬರೆದಿದ್ದರು. ಹಿಂದೆ ಮೂಲೆಯಲ್ಲಿ ಒಂದು ಚೌಕ, ಅದರೊಳಗೆ "ಸರ್ವಿಸ್" ಅಂತ ಒಂದೇ ಪದ. ಅರ್ಧ ಹೊತ್ತು ಮಾತೆಲ್ಲ ಎಷ್ಟು ಹುಡುಗರಿಗೆ ಕೆಲಸ ಸಿಗುತ್ತದೆ ಅನ್ನುವುದರ ಮೇಲೆಯೇ ನಡೆಯಿತು. ಕೊನೆಗೆ ತೋಡಿನ (ಸಣ್ಣ ಹಳ್ಳದ) ಪಕ್ಕ ಮನೆ ಇರುವ ಅಕ್ಕ ಒಬ್ಬರು ಎದ್ದು, "ಕಾರು ತೊಳೆದ ನೀರು ಎಲ್ಲಿಗೆ ಹೋಗುತ್ತೆ?" ಅಂತ ಕೇಳಿದರು. ಅರ್ಜಿ ಹಾಕಿದವರ ಇಂಜಿನಿಯರ್ ಹತ್ತಿರ ಉತ್ತರ ಇರಲಿಲ್ಲ.

ನೀವೂ ಅಲ್ಲಿಂದಲೇ ಶುರುಮಾಡಿ. ಶೋರೂಮ್ ಅಂದರೆ ಕಾರು ನಿಲ್ಲಿಸಿದ ಗಾಜಿನ ಕೋಣೆ, ಅದರಿಂದ ನಿಮಗೆ ಅಂಥ ತೊಂದರೆ ಇಲ್ಲ. ತೊಂದರೆ ಎಲ್ಲ ಹಿಂದುಗಡೆ. ಸರ್ವಿಸ್, ಪೇಂಟಿಂಗ್ ಮಾಡುವ ಜಾಗಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು, ಕಟ್ಟುವ ಮೊದಲು ಒಂದು, ನಡೆಸುವ ಮೊದಲು ಇನ್ನೊಂದು. ಹಳೆ ಇಂಜಿನ್ ಆಯಿಲ್ 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಡ್ರಮ್ಮಿನಲ್ಲಿ ಇಟ್ಟು ಪರವಾನಗಿ ಇದ್ದವರಿಗೇ ಕೊಡಬೇಕು. ತೊಳೆದ ನೀರಿನಿಂದ ಎಣ್ಣೆ ಬೇರ್ಪಡಿಸುವ ತೊಟ್ಟಿ ಇರಬೇಕು. ಇವೆಲ್ಲ ನಕ್ಷೆಯಲ್ಲಿ ಎಲ್ಲಿವೆ ಅಂತ ಬೆರಳಿಟ್ಟು ತೋರಿಸಲು ಹೇಳಿ.

ಅದಕ್ಕಿಂತ ದೊಡ್ಡದು ಮಳೆ ನೀರು. ಇದನ್ನು ಮೈಸೂರಿನಿಂದ ನಕ್ಷೆ ಮಾಡಿಸಿ ತರುವವರು ಮರೆತೇಬಿಡುತ್ತಾರೆ. ಒಂದು ಎಕರೆಗೆ ಕಾಂಕ್ರೀಟ್ ಹಾಕಿದರು ಅಂದುಕೊಳ್ಳಿ. ದಿನಕ್ಕೆ 100 ಮಿ.ಮೀ. ಮಳೆ ಬಂದರೆ ಆ ಒಂದು ಎಕರೆ ಮೇಲೆ ಬೀಳುವುದು ಸುಮಾರು 4 ಲಕ್ಷ ಲೀಟರ್ ನೀರು. ಜುಲೈ–ಆಗಸ್ಟ್‌ನ ಆಟಿ ತಿಂಗಳಲ್ಲಿ 100 ಮಿ.ಮೀ. ನಮಗೇನು ಹೊಸದಾ? ಇಷ್ಟು ದಿನ ಬಾಣೆ ಅದರಲ್ಲಿ ಒಂದಷ್ಟು ಕುಡಿಯುತ್ತಿತ್ತು. ಇನ್ನು ಎಲ್ಲವೂ ಒಂದೇ ಕಡೆಯಿಂದ, ಒಂದೇ ಹೊತ್ತಿಗೆ, ನಿಮ್ಮ ಅಂಗಳಕ್ಕೆ. ಎಣ್ಣೆ ತೊಟ್ಟಿಗೂ ಮಳೆ ನೀರು ನುಗ್ಗಿದರೆ ತೇಲುವ ಎಣ್ಣೆ ಬಾವಿ ಕಡೆಗೇ ಹೊರಡುತ್ತದೆ. ಹಾಗಾಗಿ ಮಳೆ ನೀರಿಗೆ ಬೇರೆ ಚರಂಡಿ, ತೊಳೆಯುವ ಜಾಗಕ್ಕೆ ಮೇಲೆ ಶೀಟ್, ಚರಂಡಿ ಕೊನೆಗೆ ಯಾವ ತೋಡಿಗೆ ಸೇರುತ್ತದೆ ಅನ್ನುವ ವಿವರ, ಈ ಮೂರನ್ನೂ ಬರಹದಲ್ಲಿ ಕೇಳಿ.

ಬರೆ, ಅಂದರೆ ಗುಡ್ಡದ ಇಳಿಜಾರು ಕಡಿಯುವ ವಿಷಯಕ್ಕೆ ಬರೋಣ. ಸರ್ವಿಸ್ ಸೆಂಟರ್‌ಗೆ ಮಟ್ಟದ ನೆಲ ಬೇಕು, ಬಾಣೆಯಲ್ಲಿ ಮಟ್ಟದ ನೆಲ ಹುಟ್ಟುವುದು ಜೆಸಿಬಿಯಿಂದ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಏನಾಯಿತು ಅಂತ ನಿಮಗೆ ನಾನು ಹೇಳಬೇಕಿಲ್ಲ. ಆಮೇಲೆ ಕಾರಣ ಹುಡುಕಿದವರು ಮಳೆಯ ಜೊತೆಗೆ ರಸ್ತೆಗೆ, ಕಟ್ಟಡಕ್ಕೆ ನೆಟ್ಟಗೆ ಕಡಿದ ಬರೆಗಳನ್ನೂ ಬೊಟ್ಟು ಮಾಡಿ ತೋರಿಸಿದರು. ಎಷ್ಟು ಎತ್ತರ ಕಡಿಯುತ್ತಾರೆ, ತೆಗೆದ ಮಣ್ಣು ಎಲ್ಲಿ ಸುರಿಯುತ್ತಾರೆ, ತಡೆಗೋಡೆ ಕಟ್ಟಡಕ್ಕಿಂತ ಮೊದಲು ಏಳುತ್ತದಾ, ಇದನ್ನು ಕೇಳಿ. ಮಣ್ಣಿನ ಕೆಲಸ ಮಳೆಗಾಲದಲ್ಲಿ ಬೇಡ ಅನ್ನುವ ಷರತ್ತನ್ನು ನಾವು ಲೈಸೆನ್ಸಿನಲ್ಲೇ ಬರೆಸಿದ್ದೆವು. ಆ ಅರ್ಜಿಗೆ ನಾನು ಒಪ್ಪಿ ಕೈ ಎತ್ತಿದ್ದೂ ಷರತ್ತುಗಳೆಲ್ಲ ಸೇರಿದ ಮೇಲೆಯೇ. ಊರಿನಲ್ಲಿ ಕೆಲವರಿಗೆ ಇವತ್ತಿಗೂ ನನ್ನ ಮೇಲೆ ಸಿಟ್ಟಿದೆ, ಇರಲಿ. ಕಾರು ಸರ್ವಿಸ್‌ಗೆ ಇಡೀ ದಿನ ಹಾಳು ಮಾಡಿಕೊಂಡು ಮೈಸೂರಿಗೆ ಹೋಗುವುದೂ ಕಷ್ಟವೇ ಅಲ್ವಾ?

ರಸ್ತೆ ವಿಷಯ ಬೇಗ ಮುಗಿಸುತ್ತೇನೆ. ಅದು ರಾಷ್ಟ್ರೀಯ ಹೆದ್ದಾರಿ 275. ಅಲ್ಲಿಂದ ಒಳಗೆ ದಾರಿ ತೆಗೆಯಲು ಹೆದ್ದಾರಿಯವರ ಅನುಮತಿ ಬೇರೆಯೇ ಬೇಕು, ಪಂಚಾಯಿತಿ ಕೊಡುವುದಲ್ಲ. ಕಾರು ಹೊತ್ತು ತರುವ ಉದ್ದ ಟ್ರೇಲರ್ ತಿರುವಿನಲ್ಲಿ ಎಲ್ಲಿ ನಿಲ್ಲುತ್ತದೆ ಅಂತಲೂ ಕೇಳಿ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ಭಾರಿ ವಾಹನ ನಿಲ್ಲಿಸಿ ಆದೇಶ ಮಾಡುವುದು ನಮ್ಮಲ್ಲಿ ಮಾಮೂಲು. ಆಗ ಸ್ಟಾಕ್ ಜಾಸ್ತಿ ತಂದು ಪಕ್ಕದ ಗದ್ದೆಯಲ್ಲಿ ಕಾರು ನಿಲ್ಲಿಸುತ್ತಾರಾ? ಅದಕ್ಕೂ ಕನ್ವರ್ಷನ್ ಬೇಕು.

ನಕ್ಷೆಯ ಪ್ರತಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಕೇಳಿ. "ಆಮೇಲೆ ಬನ್ನಿ" ಅಂದರೆ ವಾದ ಮಾಡಬೇಡಿ, 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಲೇಬೇಕು. ಆದರೆ ಆ 30 ದಿನದಲ್ಲಿ ಪಂಚಾಯಿತಿ ಮೀಟಿಂಗ್ ಆಗಿ ಲೈಸೆನ್ಸ್ ಹೊರಟುಬಿಡಬಹುದು. ಹಾಗಾಗಿ ಆಕ್ಷೇಪಣೆ ಪತ್ರವನ್ನು ಅದೇ ದಿನ ಕೊಟ್ಟುಬಿಡಿ, ಒಂದು ಪ್ರತಿ ತಾಲ್ಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೂ ಹೋಗಲಿ. ಬಾವಿ ನೀರನ್ನು ಈಗಲೇ ಲ್ಯಾಬಿಗೆ ಕೊಟ್ಟು ವರದಿ ತೆಗೆದಿಟ್ಟುಕೊಳ್ಳಿ. ನಾಳೆ ಎಣ್ಣೆ ವಾಸನೆ ಬಂದು ನೀವು ದೂರು ಕೊಟ್ಟರೆ, ಮೊದಲೂ ಹೀಗೇ ಇತ್ತು ಅಂತ ಅವರು ಹೇಳಲು ಆಗಬಾರದು.