ಮುಂದಿನ ಕೆಲಸ ಹಿಡಿಯುವ ಮೊದಲು

ಕಪಾಟು ಮಾಡಿ ಮುಗಿಯಿತು, ಮುಂದಿನ ಕೆಲಸಕ್ಕೆ ಮೊದಲು ಮರಗೆಲಸದ ಕೋಣೆಯ ಧೂಳು ತೆಗೆಯಲು ಕಂಪ್ರೆಸರ್‌ನಿಂದ ಗಾಳಿ ಹೊಡೆದರೆ ಸಾಕಾ ಅಂತ ಕೇಳಿದ್ದೀರಿ. ದಯವಿಟ್ಟು ಗಾಳಿ ಹೊಡೆಯಬೇಡಿ. ದಪ್ಪ ಪುಡಿ ನೆಲಕ್ಕೆ ಬೀಳುತ್ತದೆ, ಆದರೆ ಹಿಟ್ಟಿನಂಥ ಸಣ್ಣ ಧೂಳು ಗಂಟೆಗಟ್ಟಲೆ ತೇಲುತ್ತಲೇ ಇರುತ್ತದೆ. ಶ್ವಾಸಕೋಶಕ್ಕೆ ಇಳಿಯುವುದು ಅದೇ. ಮಾಸ್ಕ್ ಹಾಕಿಕೊಂಡು ಮೇಲಿನ ಶೆಲ್ಫಿನಿಂದ ಶುರು ಮಾಡಿ, ವ್ಯಾಕ್ಯೂಮ್‌ನಲ್ಲಿ ಎಳೆಯುತ್ತಾ ಕೆಳಗೆ ಬನ್ನಿ. ನೆಲ ಕೊನೆಗೆ.

ಟೇಬಲ್ ಸಾ, ಅಂದರೆ ಮೇಜಿಗೆ ಕೂರಿಸಿದ ಗರಗಸದ ಯಂತ್ರದ ಪ್ಲಗ್ ಕಿತ್ತು, ಬ್ಲೇಡ್ ಬಿಚ್ಚಿ ನೋಡಿ. ಹಲ್ಲಿನ ಬುಡದಲ್ಲಿ ಕಂದು ಬಣ್ಣದ ಅಂಟು ಕೂತಿರುತ್ತದೆ, ಉಗುರಿನಲ್ಲಿ ಕೆರೆದರೂ ಬರುವುದಿಲ್ಲ. ಮರದ ಅಂಚು ಸುಟ್ಟು ಕಪ್ಪಾದರೆ ಬ್ಲೇಡ್ ಮೊಂಡಾಯಿತು ಅಂದುಕೊಳ್ಳುತ್ತೇವೆ, ಎಷ್ಟೋ ಸಲ ಕಾರಣ ಈ ಅಂಟು. ಪಾತ್ರೆ ತೊಳೆಯುವ ಸೋಪು ಹಾಕಿದ ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಪೂರ್ತಿ ಒಣಗಿಸಿ. ಯಂತ್ರದ ಎರಕದ ಕಬ್ಬಿಣದ ಮೇಜಿಗೆ ತುಕ್ಕು ಬರದ ಹಾಗೆ ತೆಳ್ಳಗೆ ಮೇಣ ಸವರಿ ಒರೆಸಿ. ಸಿಲಿಕೋನ್ ಇರುವುದು ಬೇಡ, ಅದು ಮರಕ್ಕೆ ತಾಗಿದರೆ ಪಾಲಿಶ್ ಸರಿಯಾಗಿ ಕೂರುವುದಿಲ್ಲ. ಉಳಿ, ಕೀಸುಳಿಗೆ ಒಂದು ಹನಿ ಎಣ್ಣೆ ಸಾಕು.

ಅಗಸೆ ಎಣ್ಣೆ ಹಚ್ಚಿದ ಬಟ್ಟೆ ಚೂರುಗಳನ್ನು ಮೂಲೆಯ ಡಬ್ಬಿಗೆ ತುರುಕಿದ್ದೇನೆ ಅಂತಲೂ ಬರೆದಿದ್ದೀರಿ, ಅಲ್ವಾ? ನನಗೆ ಜಾಸ್ತಿ ಭಯ ಆಗಿದ್ದು ಅದನ್ನು ಓದಿ. ಈಗಲೇ ಹೊರಗೆ ತೆಗೆಯಿರಿ. ಆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಬಟ್ಟೆ ಮುದ್ದೆಯಾಗಿದ್ದರೆ ಶಾಖ ಹೊರಗೆ ಹೋಗದೆ ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು, ಕಿಡಿಯೂ ಬೇಕಿಲ್ಲ. ಬಯಲಲ್ಲಿ ಒಂದೊಂದೇ ಬಿಡಿಸಿ ಹರವಿ, ಗರಿಗರಿಯಾಗುವ ತನಕ ಒಣಗಿಸಿ, ಆಮೇಲೆ ಎಸೆಯಿರಿ.