ಮಾಡೆಲ್‌ನಲ್ಲಿ ಗಂಟು ಸಿಗುತ್ತದೆ, ರೋಗಿಯಲ್ಲಿ ಸಿಗುವುದಿಲ್ಲ: ದುಬಾರಿ ಸಿಮ್ಯುಲೇಟರ್ ಕೊಳ್ಳಬೇಕೇ?

ವಿದ್ಯಾರ್ಥಿಗಳು ಸ್ತನದ ಮಾಡೆಲ್‌ನಲ್ಲಿ ಎಲ್ಲ ಗಂಟನ್ನೂ ಹುಡುಕುತ್ತಾರೆ, ಓಪಿಡಿಯಲ್ಲಿ ರೋಗಿಯ ಗಂಟು ಮಾತ್ರ ಕೈತಪ್ಪುತ್ತದೆ, ದುಬಾರಿ ಸಿಮ್ಯುಲೇಟರ್ ಕೊಂಡರೆ ಸರಿಹೋದೀತೇ ಅಂತ ಕೇಳಿದಿರಿ. ನನ್ನ ಸ್ಕಿಲ್ ಲ್ಯಾಬ್‌ನಲ್ಲೂ ಹೀಗೇ ಆಗಿತ್ತು. ದುಬಾರಿಯದು ಬೇಡ. ನಿಮ್ಮ ಮಾಡೆಲ್ ಚೆನ್ನಾಗಿಯೇ ಕಲಿಸಿದೆ, ಆದರೆ ಬೇರೆ ಪಾಠವನ್ನು.

ನಾನು ಮಾಡಿದ್ದ ತಪ್ಪು ಗಾಜಿನ ಗೋಲಿ. ಮೆತ್ತನೆ ಸಿಲಿಕೋನ್ ಒಳಗೆ ಮಕ್ಕಳಾಡುವ ಗೋಲಿ ಹೂತು, ಅದನ್ನು ಸಪಾಟು ಮೇಜಿನ ಮೇಲೆ ಇಟ್ಟಿದ್ದೆ. ಬೆರಳಿನಿಂದ ಸ್ತನ ಒತ್ತಿ ನೋಡುವ ಈ ಪರೀಕ್ಷೆಯಲ್ಲಿ ಒಂದೊಂದು ಜಾಗದಲ್ಲೂ ಬೆರಳು ಮೂರು ಸುತ್ತು ತಿರುಗಬೇಕು, ಒತ್ತಡ ಹೆಚ್ಚಿಸುತ್ತಾ: ಹಗುರ, ಮಧ್ಯಮ, ಎದೆಗೋಡೆ ತಾಗುವಷ್ಟು ಆಳ. ಗೋಲಿಯಾದರೆ ಮೊದಲ ಸುತ್ತಿಗೇ ಸಿಗುತ್ತದೆ. ಸಿಕ್ಕ ಮೇಲೆ ಇನ್ನೆರಡು ಸುತ್ತು ಯಾರಿಗೆ ಬೇಕು? ಬಾಯಲ್ಲಿ ಮೂರು ಒತ್ತಡ ಹೇಳುತ್ತಿದ್ದರು, ಬೆರಳು ಸವರಿಕೊಂಡೇ ಹೋಗುತ್ತಿತ್ತು. ಕೆಳಗೆ ಪಕ್ಕೆಲುಬೂ ಇಲ್ಲದ್ದರಿಂದ ‘ತಳ ತಾಗಿತು’ ಅನ್ನುವ ಅನುಭವವೇ ಅವರಿಗೆ ಆಗಿರಲಿಲ್ಲ. ಎಲ್ಲರಿಗೂ ಪೂರ್ತಿ ಅಂಕ ಕೊಟ್ಟು ಕಳಿಸಿದೆ. ಓಪಿಡಿಯಲ್ಲಿ ಆಳದ ಗಂಟುಗಳೆಲ್ಲ ತಪ್ಪಿದವು.

ಅನುಭವಿ ವೈದ್ಯರೂ ಇಲ್ಲೇ ಎಡವುತ್ತಾರೆ. ಸೆನ್ಸರ್ ಇಟ್ಟ ಮಾಡೆಲ್‌ಗಳ ಮೇಲೆ ಅಮೆರಿಕದ ಶಸ್ತ್ರಚಿಕಿತ್ಸಕಿ ಕಾರ್ಲಾ ಪ್ಯೂ ಅವರ ತಂಡ 2015ರಲ್ಲಿ ತೋರಿಸಿದ್ದು ಇದನ್ನೇ: 10 ನ್ಯೂಟನ್‌ಗಿಂತ ಕಡಿಮೆ ಒತ್ತಿದವರಿಗೆ ಎದೆಗೋಡೆ ಪಕ್ಕದ ಗಂಟು ತಪ್ಪುತ್ತಿತ್ತು. 10 ನ್ಯೂಟನ್ ಅಂದರೆ ಸುಮಾರು ಒಂದು ಕಿಲೋ ಭಾರ. ಅದನ್ನು ಅಳೆಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು.

ಮಾಡೆಲನ್ನು ನೀವೇ ಎರೆಯಿರಿ. 12 ಸೆಂ.ಮೀ. ಅಗಲ, 4 ಸೆಂ.ಮೀ. ಆಳದ ಸ್ಟೀಲ್ ಬಟ್ಟಲಿಗೆ ತೆಳುವಾಗಿ ವ್ಯಾಸಲಿನ್ ಸವರಿ. ಷೋರ್ 00-10 ಮೆದುತನದ (ಷೋರ್ ಅಂದರೆ ರಬ್ಬರಿನಂಥ ವಸ್ತು ಎಷ್ಟು ಗಡಸು ಅನ್ನುವ ಅಳತೆ) ಪ್ಲಾಟಿನಂ ಸಿಲಿಕೋನ್ ಎರಡು ಭಾಗವಾಗಿ ಬರುತ್ತದೆ; ಒಟ್ಟು 150 ಗ್ರಾಂನಂತೆ ಎರಡೂ ಬೇಕು, ಆದರೆ ಒಂದೊಂದು ಪದರಕ್ಕೆ ಬೇಕಾದಷ್ಟನ್ನೇ ಸಮತೂಕದಲ್ಲಿ ತೂಗಿ ಕಲಸಿ. ಆಸ್ಪತ್ರೆಯ ಲೇಟೆಕ್ಸ್ ಗ್ಲೌಸ್ ಮಾತ್ರ ಹಾಕಬೇಡಿ, ಅದು ತಾಗಿದ ಕಡೆ ಸಿಲಿಕೋನ್ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ, ನೈಟ್ರೈಲ್ ಇರಲಿ. ಇಲ್ಲಿ ಎಲ್ಲ ತಲೆಕೆಳಗು, ಬಟ್ಟಲಿನ ತಳವೇ ಚರ್ಮ. ಅರ್ಧ ಸೆಂ.ಮೀ. ಸುರಿದು, ಬೆರಳಿಗೆ ಅಂಟುವ ಹದಕ್ಕೆ ಬಂದಾಗ ಮೊದಲ ಗಂಟು ಇಡಿ. ಅರ್ಧ ತುಂಬಿದಾಗ ಇನ್ನೊಂದು. ಮೂರನೆಯದು ಬಟ್ಟಲಿನ ಬಾಯಂಚಿಗೆ ಹತ್ತಿರ, ಎದೆಗೋಡೆ ಪಕ್ಕದ ಆಳದ ಗಂಟು ಅಂದರೆ ಇದೇ. ಗಂಟುಗಳನ್ನು ಷೋರ್ ಎ 20-30ರ ಗಡಸು ಪ್ಲಾಟಿನಂ ಸಿಲಿಕೋನ್‌ನಲ್ಲಿ 8ರಿಂದ 15 ಮಿ.ಮೀ. ಉಂಡೆ ಮಾಡಿ. ವ್ಯಾಸಲಿನ್ ಹಚ್ಚಿ ಹೂತರೆ ಫೈಬ್ರೋಅಡೆನೋಮಾದಂತೆ (ಕ್ಯಾನ್ಸರ್ ಅಲ್ಲದ ಗಂಟು) ಜಾರುತ್ತದೆ, ಹಚ್ಚದಿದ್ದರೆ ಸುತ್ತಲಿಗೆ ಕಚ್ಚಿಕೊಂಡು ಅಲುಗದ ಗಂಟಾಗುತ್ತದೆ.

ಪಕ್ಕೆಲುಬಿಗೆ ವೈರಿಂಗ್ ಪೈಪನ್ನು ಉದ್ದಕ್ಕೆ ಸೀಳಿ, ಹಲಗೆಗೆ ಸಾಲಾಗಿ ಅಂಟಿಸಿ, ಮೇಲೆ 5 ಮಿ.ಮೀ. ಫೋಮ್ ಹಾಸಿ. ಗಟ್ಟಿಯಾದ ಸಿಲಿಕೋನನ್ನು ಬಟ್ಟಲಿನಿಂದ ಬಿಡಿಸಿ, ಬೋರಲು ಮಾಡಿ ಅದರ ಮೇಲಿಡಿ. ಪಕ್ಕೆಲುಬನ್ನೇ ಗಂಟು ಅಂದುಕೊಳ್ಳುವುದು ಹೊಸಬರ ದೊಡ್ಡ ತಪ್ಪು, ಆ ತಪ್ಪು ಲ್ಯಾಬ್‌ನಲ್ಲೇ ಆಗಿಹೋಗಲಿ. ಮುಟ್ಟುವ ಮುಂಚೆ ಒಂದು ಚಿಟಿಕೆ ಟಾಲ್ಕಂ ಪೌಡರ್.

ಇಂಥ ನಾಲ್ಕು ಮಾಡಿ, ಒಂದರಲ್ಲಿ ಗಂಟೇ ಬೇಡ. ಗಂಟು ಇದ್ದೇ ಇರುತ್ತದೆ ಅಂತ ಗೊತ್ತಿದ್ದವರು ಸಿಕ್ಕ ಕೂಡಲೇ ಕೈ ತೆಗೆಯುತ್ತಾರೆ. ಕಾಲರ್‌ಬೋನ್‌ನಿಂದ ಸ್ತನದ ಕೆಳಗಿನ ಮಡಿಕೆಯವರೆಗೆ, ಕಂಕುಳಿನಿಂದ ಎದೆಮೂಳೆಯವರೆಗೆ, ನೇಗಿಲ ಸಾಲಿನ ಹಾಗೆ ಮೂರು ಬೆರಳಿನ ತುದಿಯ ಮೆತ್ತನೆ ಭಾಗವನ್ನು ಮೇಲೆತ್ತದೆ ಜಾರಿಸಿ ಮುಗಿಸಬೇಕು. ನಮ್ಮ ದೇಶದ ಸರ್ಕಾರಿ ತಪಾಸಣೆಯಲ್ಲಿ 30 ದಾಟಿದ ಹೆಣ್ಣುಮಕ್ಕಳಿಗೆ ಮೊದಲು ಸಿಗುವುದು ಮ್ಯಾಮೊಗ್ರಾಂ ಅಲ್ಲ, ಈ ಬೆರಳುಗಳೇ.

ಮಾಡೆಲನ್ನು ಹಲಗೆ ಸಮೇತ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಎಡಗೈ ತಾಗದಂತೆ ನೋಡಿಕೊಳ್ಳಿ. ಮೂರನೇ ಸುತ್ತಿನಲ್ಲಿ 1 ಕಿಲೋ ಆಸುಪಾಸು ಬರಬೇಕು. ಅಂಕಿ ಕಾಣುವ ಮುಖ ಮಾತ್ರ ನಿಮ್ಮ ಕಡೆಗಿರಲಿ; ವಿದ್ಯಾರ್ಥಿಗೆ ಕಂಡರೆ ತಕ್ಕಡಿ ನೋಡಿಕೊಂಡು ಒತ್ತುತ್ತಾರೆ.