ವೃಷಣದ ಸ್ಕ್ಯಾನ್‌ನಲ್ಲಿ ಏನೇನು ಮಾಡುತ್ತಾರೆ? ನೋವಾಗುತ್ತದೆಯೇ?

ಎಡಬದಿಯಲ್ಲಿ ಗಂಟು ಕೈಗೆ ಸಿಗುತ್ತಿದೆ, ಡಾಕ್ಟರು ಸ್ಕ್ರೋಟಲ್ ಡಾಪ್ಲರ್, ಅಂದರೆ ವೃಷಣ ಚೀಲದ ಅಲ್ಟ್ರಾಸೌಂಡ್ ಸ್ಕ್ಯಾನ್, ಬರೆದುಕೊಟ್ಟಿದ್ದಾರೆ ಎಂದಿದ್ದೀರಿ. ಸಾಮಾನ್ಯವಾಗಿ ನೋವಾಗುವುದಿಲ್ಲ. ಸೋಂಕಿನಿಂದ ಊದಿಕೊಂಡಿದ್ದರೆ ಪ್ರೋಬ್ (ಚರ್ಮದ ಮೇಲೆ ಆಡಿಸುವ ಸ್ಕ್ಯಾನ್ ಉಪಕರಣ) ತಾಗಿದಲ್ಲಿ ನೋಯಬಹುದು. ಹಾಗಾದರೆ ಬಾಯಿಬಿಟ್ಟು ಹೇಳಿ, ಹಗುರವಾಗಿ ಹಿಡಿಯುತ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ಕ್ಯಾನ್ ದಿನ ಬರುವ ಮುಂಚೆ ಒಂದು ಬದಿಯಲ್ಲಿ ಇದ್ದಕ್ಕಿದ್ದಂತೆ ತಡೆಯಲಾರದ ನೋವು ಬಂದರೆ, ವಾಂತಿಯಾದರೆ, ಕಾಯಬೇಡಿ. ವೃಷಣ ತಿರುಚಿಕೊಂಡು ರಕ್ತ ನಿಂತಿರಬಹುದು. ಸುಮಾರು 6 ಗಂಟೆಯೊಳಗೆ ಬಿಡಿಸಿದರೆ ಅದು ಉಳಿಯುವ ಸಾಧ್ಯತೆ ಹೆಚ್ಚು, ಆಮೇಲೆ ಬೇಗಬೇಗ ಕುಸಿಯುತ್ತದೆ. ನೇರವಾಗಿ ಎಮರ್ಜೆನ್ಸಿಗೆ ಹೋಗಿ.

ತಯಾರಿ ಏನೂ ಇಲ್ಲ. ಉಪವಾಸ ಬೇಡ, ನೀರು ಕುಡಿದು ಮೂತ್ರ ತಡೆದುಕೊಳ್ಳುವುದು ಬೇಡ, ಕೂದಲು ತೆಗೆಯುವುದೂ ಬೇಡ. ಬಿಲ್ ಮಾಡಿಸುವಾಗ ‘ಡಾಪ್ಲರ್’ ಸೇರಿದೆಯೇ ಎಂದು ನೋಡಿಕೊಳ್ಳಿ, ರಕ್ತದ ಹರಿವು ಗೊತ್ತಾಗುವುದು ಅದರಿಂದಲೇ.

ಒಳಗೆ ಅಂಗಾತ ಮಲಗಿಸಿ, ವೃಷಣ ಚೀಲದ ಕೆಳಗೆ ಸುತ್ತಿದ ಟವೆಲ್ ಇಡುತ್ತಾರೆ. ಶಿಶ್ನವನ್ನು ಹೊಟ್ಟೆಯ ಕಡೆಗೆ ಎತ್ತಿಟ್ಟು ಬಟ್ಟೆ ಮುಚ್ಚುತ್ತಾರೆ. ಜೆಲ್ ತಣ್ಣಗಿರುತ್ತದೆ. ಮೊದಲು ತೊಂದರೆಯಿಲ್ಲದ ಬದಿ ನೋಡಿ, ಅದಕ್ಕೆ ಹೋಲಿಸಿ ಇನ್ನೊಂದನ್ನು ನೋಡುವುದು ವಾಡಿಕೆ. ಉದ್ದ, ಅಗಲ, ದಪ್ಪ ಅಳೆಯುತ್ತಾರೆ. ವಯಸ್ಕರಲ್ಲಿ ಉದ್ದ ಸುಮಾರು 4ರಿಂದ 5 ಸೆಂ.ಮೀ. ಇರುತ್ತದೆ. ಡಾಪ್ಲರ್ ಹಾಕಿದಾಗ ಪರದೆಯ ಮೇಲೆ ಕೆಂಪು ನೀಲಿ ಬಣ್ಣ, ‘ಶ್ ಶ್’ ಸದ್ದು ಬಂದರೆ ಗಾಬರಿ ಬೇಡ, ಅದು ರಕ್ತ ಹರಿಯುವ ಗುರುತು. ನಡುವೆ ಉಸಿರು ಕಟ್ಟಿ, ಮಲವಿಸರ್ಜನೆಗೆ ತಿಣುಕುವಂತೆ ತಿಣುಕಿ ಎನ್ನಬಹುದು, ಎದ್ದು ನಿಲ್ಲಿಸಲೂಬಹುದು. ಉಬ್ಬಿದ ರಕ್ತನಾಳಗಳು, ಅಂದರೆ ವೆರಿಕೋಸೀಲ್, ಮಲಗಿದಾಗ ಕುಗ್ಗಿ ತಪ್ಪಿಸಿಕೊಳ್ಳುವುದುಂಟು. ಹಾಗಾಗಿ ಸರಿಯಾಗಿ ತಿಣುಕಿ. ಎಲ್ಲ ಸೇರಿ 15ರಿಂದ 30 ನಿಮಿಷ. ಮುಟ್ಟಿದ್ದಕ್ಕೆ ನಿಮಿರಿದರೂ ನಾಚಬೇಕಿಲ್ಲ, ಅದು ದೇಹದ ಸಹಜ ಪ್ರತಿಕ್ರಿಯೆ, ಅವರಿಗೆ ಹೊಸದಲ್ಲ. ಪುರುಷ ಡಾಕ್ಟರೇ ಬೇಕಿದ್ದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿ.

ನಾಚಿಕೆಯಿಂದ ಸುಮ್ಮನಿದ್ದುಬಿಡುವುದೇ ಇಲ್ಲಿ ದೊಡ್ಡ ನಷ್ಟ. ಗಂಟು ಅವರಿಗೇ ಸಿಗುತ್ತದೆ ಎಂದುಕೊಳ್ಳಬೇಡಿ. ನೀವೇ ಬೆರಳಿಟ್ಟು ತೋರಿಸಿ, ಪ್ರೋಬ್ ಅದೇ ಜಾಗಕ್ಕೆ ಬಂದ ಮೇಲೆ ‘ಹೂಂ, ಇದೇ’ ಎನ್ನಿ. ಬಟಾಣಿಗಿಂತ ಚಿಕ್ಕದಾದ, ಮೇಲ್ಮೈಯಲ್ಲಿರುವ ಗಂಟು ಹಾಗೇ ಬಿಟ್ಟುಹೋಗಬಹುದು.

ವರದಿಯಲ್ಲಿ ಗಂಟು ವೃಷಣದ ಒಳಗೋ ಹೊರಗೋ ಎಂಬುದನ್ನು ಮೊದಲು ಹುಡುಕಿ. ಹೊರಗಿನ ಎಪಿಡಿಡೈಮಲ್ ಸಿಸ್ಟ್ (ವೃಷಣದ ಹಿಂಬದಿಯ ವೀರ್ಯನಾಳದ ಸುರುಳಿಯಲ್ಲಿನ ನೀರ್ಗುಳ್ಳೆ), ವೃಷಣದ ಸುತ್ತ ನೀರು ತುಂಬಿದ ಹೈಡ್ರೋಸೀಲ್ ಬಹುತೇಕ ಅಪಾಯವಿಲ್ಲದವು. ವೃಷಣದ ಒಳಗೇ ಗಟ್ಟಿ ಗಂಟು ಎಂದು ಬರೆದಿದ್ದರೆ ಅಲ್ಲವೆಂದು ಸಾಬೀತಾಗುವವರೆಗೆ ಕ್ಯಾನ್ಸರ್ ಎಂದೇ ಎಣಿಸಬೇಕು. ವಾರ ಕಳೆಯುವ ಮೊದಲು ಯೂರಾಲಜಿಸ್ಟ್ (ಮೂತ್ರಾಂಗ ಮತ್ತು ಪುರುಷ ಜನನಾಂಗ ತಜ್ಞರು) ಬಳಿ ಹೋಗಿ. ಅವರು ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಎಂಬ ರಕ್ತಪರೀಕ್ಷೆ ಬರೆಯುತ್ತಾರೆ. ಬೇಗ ಸಿಕ್ಕರೆ ಇದು ಚೆನ್ನಾಗಿ ಗುಣವಾಗುವ ಕ್ಯಾನ್ಸರ್. ಆದರೆ ಇಂಥ ಗಂಟಿಗೆ ಚೀಲದ ಮೂಲಕ ಸೂಜಿ ಚುಚ್ಚಿ ಪರೀಕ್ಷೆ ಮಾಡೋಣ ಎಂದು ಯಾರಾದರೂ ಹೇಳಿದರೆ ಒಪ್ಪುವ ಮೊದಲು ಇನ್ನೊಬ್ಬ ಯೂರಾಲಜಿಸ್ಟ್‌ಗೆ ತೋರಿಸಿ. ಹಾಗೆ ಚುಚ್ಚಿದರೆ ಕ್ಯಾನ್ಸರ್ ಕಣಗಳು ಹರಡುವ ಅಪಾಯವಿದೆ.